ಆನೆಯ ಹಣೆ

ಅತ್ತೆಯ ಲಿಂಗ ಎಲ್ಲಿದೆಯೆಂದು ಅನಸೂಯಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಂಚದ ಕೆಳಗೆ ತಲೆ ತೂರಿಸಿ ಹುಡುಕುತ್ತಿದ್ದಳು. ಮಗಳು ಪ್ರೇಕ್ಷಾಳ ಒಂಟಿ ಸಾಕ್ಸು ಸಿಕ್ಕಿತು, ಹೂದಾನಿಗೆ ಅಂಟಿಸಿ ಉಳಿದ ಕನ್ನಡಿ ಚೂರು ಸಿಕ್ಕಿತು, ಧೂಳಿಗೆ ಎರಡು ಸೀನು ಬಂತು. 'ಸಿಕ್ತೇನವ್ವಾ?' ಮಂಚದ ಮೇಲೆ ಕೂತಿದ್ದ ಗಂಗಾಂಬಿಕೆ ಕೇಳಿದರು. 'ಇಲ್ಲ ಅತ್ತೆ, ನೋಡ್ತಾನೇ ಇದೀನಿ' ಅಂದಳು. ಸುಳ್ಳು ಹೇಳುವಾಗ ಮುಖ ಮಂಚದ ಕೆಳಗಿದ್ದದ್ದು ಪುಣ್ಯ. ಇಳಿಬಿದ್ದ ಅತ್ತೆಯ ಪಾದಗಳು ಕಣ್ಣೆದುರಿಗೇ ಇದ್ದವು, ಸ್ನಾನದ ನೀರು ಇನ್ನೂ ಆರಿರಲಿಲ್ಲ. ಏಳೂವರೆಗೆ ಅವರ ತೋಳಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿದ್ದು ಇವಳೇ, ದಿನಾ ಚುಚ್ಚುವ ಹಾಗೆ. ಆಮೇಲೆ ಸ್ನಾನ, ಆಮೇಲೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ, ಆಮೇಲೆ ರೊಟ್ಟಿ. ಚುಚ್ಚಿದ ಅರ್ಧ ಮುಕ್ಕಾಲು ಗಂಟೆಯೊಳಗೆ ಹೊಟ್ಟೆಗೆ ಬೀಳಲೇಬೇಕು, ತಪ್ಪಿದರೆ ಸಕ್ಕರೆ ಇಳಿದು ಕೂತಲ್ಲೇ ಹೋಗಿಬಿಡ್ತಾರೆ, ನೆನಪಿರಲಿ ಎಂದು ಡಾಕ್ಟರು ಕಣ್ಣು ಬಿಟ್ಟು ಹೇಳಿದ್ದರು. ಇವತ್ತು ಸ್ನಾನ ಮುಗಿಸಿ ಬಂದ ಅತ್ತೆ ಕೊರಳಿಗೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು. ಹುಟ್ಟಿದ ಎಂಟನೇ ದಿನ ತಮ್ಮೂರು ದುದ್ದದಲ್ಲಿ ಅಯ್ಯನವರು ಕಟ್ಟಿದ ಲಿಂಗ, ಎಪ್ಪತ್ತೊಂದು ವರ್ಷ ಎದೆಯ ಮೇಲಿದ್ದದ್ದು, ಅಲ್ಲಿರಲಿಲ್ಲ. ಲಿಂಗಪೂಜೆಯಾಗದೆ ಅವರು ನೀರನ್ನೂ ಮುಟ್ಟುವವರಲ್ಲ. ಆಗಲೇ ಎಂಟು ಗಂಟೆ ಹತ್ತು ನಿಮಿಷವಾಗಿತ್ತು.

ಹೇಳಿಬಿಡು ಎಂದು ಒಂದು ಮನಸ್ಸು. ಏನಂತ ಹೇಳೋದು ಕರ್ಮ? ನಿಮ್ಮ ಲಿಂಗ ಹಾಲ್‌ನ ಗೋಡೆಯ ಮೇಲಿರೋ ಆನೆಯ ಹಣೆಯೊಳಗಿದೆ ಅಂತಲೇ? ಅವಳು ಮಂಚದ ಕೆಳಗಿಂದ ಹೊರಬಂದು, 'ಹಾಲ್‌ನಲ್ಲಿ ನೋಡ್ತೀನಿ' ಎಂದು ಹೊರಟಳು. ಆನೆ ಗೋಡೆಯ ಮೇಲೆ ಅವಳನ್ನೇ ಕಾಯುತ್ತಿತ್ತು. ಸಾಲಗಾಮೆ ರಸ್ತೆಯ ಈ ಅಪಾರ್ಟ್‌ಮೆಂಟಿನ ಆರು ಮನೆಗಳಲ್ಲಿ ಯಾರ ಮನೆಯ ಗೋಡೆಯ ಮೇಲೂ ಇಂಥದ್ದಿರಲಿಲ್ಲ. ಇರುವುದು ಹೇಗೆ? 'ಗೋಡೆಗೆ ಮೊಳೆ ಹೊಡೆಯಕೂಡದು' ಎಂದು ಕರಾರಿನಲ್ಲೇ ಬರೆಸಿಕೊಳ್ಳುವ ಓನರು ಲಕ್ಷ್ಮೀನರಸಿಂಹ ಮೇಷ್ಟ್ರು ಕೆಳಗಿನ ಮನೆಯಲ್ಲೇ ಇದ್ದರು, ಮೇಲೆ ಚಮಚ ಬಿದ್ದರೂ ಕೆಳಗೆ ಕೆಮ್ಮುತ್ತಿದ್ದರು. ಕ್ಯಾಲೆಂಡರು ಕೂಡ ಕಿಟಕಿಯ ಸರಳಿಗೇ ನೇತುಬಿದ್ದಿತ್ತು. ಅನಸೂಯ ಮಧ್ಯಾಹ್ನದ ಟೀವಿಯಲ್ಲಿ ನೋಡಿ ಮಾಡಿದ್ದೆಲ್ಲ, ಮಣಿಪರದೆ, ಗಾಜಿನ ಮೇಲಿನ ಬಣ್ಣ, ಮಡಕೆಯ ಮೇಲಿನ ಹೂವು, ಎಲ್ಲವೂ ಮೇಜು ಕಪಾಟುಗಳ ಮೇಲೆ ಇಕ್ಕಟ್ಟಿನಲ್ಲಿ ಕೂತಿದ್ದವು. 'ಇದೇನು ಮನೆಯೋ ಮ್ಯೂಸಿಯಮ್ಮೋ, ಕಾಲಿಡಕ್ಕೆ ಜಾಗ ಬಿಡು ಮಾರಾಯ್ತಿ' ಎಂದು ಗಂಡ ಕಾಂತರಾಜು ಗೊಣಗುತ್ತಿದ್ದ. ಅದಕ್ಕೇ ಅವಳಿಗೆ ಹೊಳೆದದ್ದು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಮೊಳೆಯೇ ಬೇಡ, ಗೋಡೆಯ ಮೇಲೇ ಬೆಳೆಸಿಬಿಟ್ಟರೆ? ಗಮ್ಮು ಬಳಿದು, ಕಾಗದದ ತಿರುಳು ಮೆತ್ತಿ, ಮೇಲೆ ಪ್ಲಾಸ್ಟರು, ಅದರ ಮೇಲೆ ಎಂ-ಸೀಲಿನ ತೊಗಲು. ಹಲಗೆಯ ಮೇಲೆ ಮಾಡಿದ್ದರೆ ಇಳಿಸಿ ಬಚ್ಚಲಲ್ಲಿ ನೆನೆಸಬಹುದಿತ್ತು. ಈಗ ಗೋಡೆಯೂ ಆನೆಯೂ ಒಂದೇ ಆಗಿ ಕೂತಿವೆ.

ತಿರುಳು ಅರೆದುಕೊಟ್ಟದ್ದು ಅತ್ತೆಯೇ. ದುದ್ದದಲ್ಲಿ ಹಳೇ ಮೊರ, ಬುಟ್ಟಿಗಳಿಗೆ ಕಾಗದ ಮೆಂತ್ಯ ಅರೆದು ಬಳಿಯುತ್ತಿದ್ದ ಕೈ ಅದು. ಒಂದು ಕಣ್ಣಿಗೆ ಪೊರೆ, ಇನ್ನೊಂದಕ್ಕೆ ಆಪರೇಷನ್ನು, ಆದರೂ 'ತತ್ತಾ ಇಲ್ಲಿ, ನಿಂಗೆ ಹದ ಗೊತ್ತಾಗಕ್ಕಿಲ್ಲ' ಎಂದು ನಿನ್ನೆ ಸಂಜೆ ಬಕೆಟ್ಟಿನ ಮೇಲೆ ಬಗ್ಗಿ ಕೂತು ಎರಡೂ ಕೈಯಲ್ಲಿ ನಾದಿದ್ದರು. ಅತ್ತೆ ಊರು ಬಿಟ್ಟು ಈ ಮನೆಗೆ ಬಂದ ಮೂರು ವರ್ಷದಲ್ಲಿ ಇಬ್ಬರೂ ಜಗಳವಿಲ್ಲದೆ ಒಂದು ಗಂಟೆ ಕೂತದ್ದು ಅದೇ ಮೊದಲು. ಯಾವಾಗ ಶಿವದಾರ ಸವೆದು ಹರಿಯಿತೋ, ಬಟ್ಟೆಯಲ್ಲಿ ಸುತ್ತಿದ್ದ ಲಿಂಗ ಯಾವಾಗ ಜಾರಿ ತಿರುಳಿಗೆ ಬಿತ್ತೋ, ಅತ್ತೆಗೆ ತಿಳಿಯಲಿಲ್ಲ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡು, ಏಳಕ್ಕೆ ಕರೆಂಟೂ ಹೋಗಿ, ರಾತ್ರಿಯ ಪೂಜೆ, ಊಟ ಎರಡೂ ಬಿಟ್ಟು ಹಣೆಗೆ ವಿಭೂತಿ ಹಚ್ಚಿಕೊಂಡವರೇ ಮಲಗಿಬಿಟ್ಟರು. ಆದರೆ ಅನಸೂಯಳಿಗೆ? ಅವಳ ಕೈಗೆ ಉಂಡೆಯೊಂದು ಬಂದಿತ್ತು, ನಡುವೆ ಗಟ್ಟಿ. ಉಂಡೆಯಿಂದ ಒಂದು ಬಿಳಿಯ ದಾರ ಇಣುಕುತ್ತಿತ್ತು. ಎಳೆದಳು, ಒಂದು ಗೇಣು ಬಂದು ತುಂಡಾಯಿತು, ಕಸದ ಡಬ್ಬಿಗೆ ಹಾಕಿದಳು. ಬೆಳಕು ಹೋಗುತ್ತಿತ್ತು, ಪ್ಲಾಸ್ಟರು ಬಿಗಿಯುತ್ತಿತ್ತು, ಭಾನುವಾರ ಗಂಡನ ಆಫೀಸಿನವರು ಊಟಕ್ಕೆ ಬರುವವರಿದ್ದರು. ಉಂಡೆಯನ್ನು ಆನೆಯ ಹಣೆಗೆ ಒತ್ತಿದಳು. ಎಷ್ಟು ಚೆನ್ನಾಗಿ ಉಬ್ಬಿತು! ತಾನೇ ದೂರ ನಿಂತು ನೋಡಿ ನಕ್ಕಿದ್ದಳು. ಆ ದಾರ ಏನೆಂದು ಆಗ ಗೊತ್ತಿರಲಿಲ್ಲ ಎಂದು ಈಗ ಹೇಳಿಕೊಳ್ಳುತ್ತಿದ್ದಳು. ಗೊತ್ತಿರಲಿಲ್ಲವಾ? ನಿಜವಾಗಿಯೂ? ಎಳೆದಾಗ ಬೆರಳು ಒಂದು ಗಳಿಗೆ ನಿಂತದ್ದು ಯಾಕೆ ಹಾಗಾದರೆ? ಛೀ, ಎಂಥಾ ಹೆಂಗಸಮ್ಮಾ ನೀನು ಎಂದು ತನ್ನನ್ನೇ ಬೈದುಕೊಂಡಳು.

'ಅನಸೂಯಾ, ಬಚ್ಲುಮನೇಲಿ ನೋಡ್ದಾ?' ಅತ್ತೆಯ ದನಿ ಇನ್ನೂ ಗಟ್ಟಿಯಾಗಿತ್ತು. 'ನೋಡ್ತೀನಿ ಇರಿ.' ಗಂಡ ಆರೂಮುಕ್ಕಾಲಿಗೇ ಚನ್ನರಾಯಪಟ್ಟಣದ ಬಸ್ಸು ಹತ್ತಿದ್ದ, ಆಫೀಸಿನ ಫೋನು ಹತ್ತು ಗಂಟೆಯ ಮುಂಚೆ ಎತ್ತುವವರಿಲ್ಲ, ಡಾಕ್ಟರ ಕ್ಲಿನಿಕ್ಕೂ ಅಷ್ಟು ಹೊತ್ತಿಗೇ ತೆರೆಯುವುದು. ಮಗಳು ಸ್ಕೂಲಿಗೆ ಹೋಗಿದ್ದಳು. ಒಡೆದು ತೆಗೆದರಾಯಿತು ಎಂದರೆ ಏಟು ತಪ್ಪಿ ಲಿಂಗಕ್ಕೇ ಬಿದ್ದರೆ? ಕಳೆದದ್ದಾದರೂ ಸಿಕ್ಕೀತು, ಭಿನ್ನವಾದದ್ದು ಕೂಡುತ್ತದೆಯೇ? ಅತ್ತೆಯ ಚಿಕ್ಕಮ್ಮನ ಲಿಂಗ ಬಾವಿಕಟ್ಟೆಯ ಮೇಲೆ ಬಿದ್ದು ಸೀಳು ಬಿಟ್ಟಿತ್ತಂತೆ. ಆಕೆ ಅವತ್ತಿನಿಂದ ಅನ್ನ ನೀರು ಬಿಟ್ಟು ಒಂಬತ್ತನೇ ದಿನ ಕಣ್ಣು ಮುಚ್ಚಿದಳಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಈ ಕತೆಯನ್ನು ಅತ್ತೆ ಹುರುಳಿ ಆರಿಸುತ್ತ, ಯಾವ ದುಃಖವೂ ಇಲ್ಲದೆ, 'ಅಂಗಿರ್ಬೇಕು ಕಣವ್ವಾ ಹೆಣ್ಣುಮಕ್ಳು' ಎಂದು ಹೇಳಿದ್ದರು. ಅಂದು ಸೊಸೆಗೆ ನಗು ಬಂದಿತ್ತು. ಈಗ ಬರಲಿಲ್ಲ. ಚುಚ್ಚಿದ್ದು ನಾನು, ಹೂತದ್ದೂ ನಾನು, ಪ್ರಾಣ ಹೋದರೆ ಯಾರು ಹೊಣೆ?

ಆಗ ಅವಳಿಗೆ ತನ್ನದೇ ಲಿಂಗದ ನೆನಪಾಯಿತು. ನೆನಪಾದದ್ದಕ್ಕೆ ನಾಚಿಕೆಯೂ ಆಯಿತು. ಪ್ರೇಕ್ಷಾ ಹುಟ್ಟುವಾಗ ಆಸ್ಪತ್ರೆಯಲ್ಲಿ ತೆಗೆಸಿದ್ದು, ಹನ್ನೊಂದು ವರ್ಷವಾಯಿತು, ಮತ್ತೆ ಕಟ್ಟಿಕೊಂಡಿರಲಿಲ್ಲ. ಅರಕಲಗೂಡಿನ ತವರಲ್ಲಿ ಅಷ್ಟೊಂದು ಕಟ್ಟುನಿಟ್ಟಿರಲಿಲ್ಲ ಎಂಬುದೊಂದು ನೆವ. ಬೀರುವಿನಲ್ಲಿ ಚಮಕಿ, ಗುಂಡಿ, ಮಣಿಗಳ ಬಿಸ್ಕತ್ತಿನ ಡಬ್ಬಿಯ ತಳದಲ್ಲಿ ಅದು ಕೂತಿತ್ತು. ಡಬ್ಬಿ ಬಗ್ಗಿಸಿದಾಗ ಮಣಿಗಳು ನೆಲದ ತುಂಬ ಓಡಿದವು. ಕರೀ ಲೇಪದ, ಕೋಳಿಮೊಟ್ಟೆಗಿಂತ ಚಿಕ್ಕ ಲಿಂಗ, ಒಂದು ಕಡೆ ಬಂಗಾರದ ಚಮಕಿಯೊಂದು ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ತೆಗೆದಳು. ಎಲ್ಲ ಲಿಂಗವೂ ಒಂದೇ ಥರ ಇರುತ್ತದೆ, ಪೊರೆಬಂದ ಕಣ್ಣಿಗೆ ಏನು ತಿಳಿದೀತು, ಪೂಜೆ ಮುಗಿಯಲಿ, ರೊಟ್ಟಿ ತಿನ್ನಲಿ, ಜೀವ ಉಳಿಯಲಿ, ಆಮೇಲೆ ನಿಧಾನಕ್ಕೆ ಒಡೆದು ಅದಲು ಬದಲು ಮಾಡಿದರಾಯಿತು. ಶಿವನಿಗೆ ಶಿವನೇ ಅಲ್ಲವೇ? ಇಷ್ಟು ಚೆಂದದ ಉಪಾಯ ಆಗಲೇ ಹೊಳೆಯಬಾರದಿತ್ತೇ ಎಂದು ಒಂದು ಗಳಿಗೆ ಖುಷಿಯೂ ಆಯಿತು.

'ಸಿಕ್ತು ಅತ್ತೆ! ಬಚ್ಚಲಲ್ಲಿ, ಬಿಂದಿಗೆ ಹಿಂದೆ.' ಅಷ್ಟು ಜೋರಾಗಿ ಹೇಳಬಾರದಿತ್ತು. ಅತ್ತೆ ಎರಡೂ ಕೈ ಚಾಚಿದರು. ಮುಖ ಬೆಳಗಿತು, 'ಶಿವನೇ ಮಾದೇವ' ಎಂದರು, ಎಡದ ಅಂಗೈಯಲ್ಲಿಟ್ಟುಕೊಂಡು ಬಲಗೈ ಹೆಬ್ಬೆರಳಿಂದ ಸವರಿದರು. ಒಂದೇ ಸಲ. ಕೈ ಅಲ್ಲೇ ನಿಂತಿತು. ಎಪ್ಪತ್ತೊಂದು ವರ್ಷ ದಿನಕ್ಕೆರಡು ಸಲ ಹೊತ್ತ ಅಂಗೈಗೆ ಕಣ್ಣು ಯಾತಕ್ಕೆ? ಅನಸೂಯಳಿಗೆ ಅದು ಹೊಳೆದದ್ದು ಈಗ. ಅತ್ತೆ ಕೂಗಾಡಲಿಲ್ಲ. ಅದನ್ನು ಎರಡು ಕಣ್ಣಿಗೂ ಒತ್ತಿಕೊಂಡು, 'ಇದು ನಿಂದು ಕಣವ್ವಾ' ಅಂದರು. 'ಎಲ್ಲಿಟ್ಟಿದ್ದೆ ಇಷ್ಟ್ ದಿನ? ಕಟ್ಕೊ. ಅಂಗೆಲ್ಲ ಬೀದೀಲಿ ಬಿಡಬಾರ್ದು.' ಅನಸೂಯ ತಲೆ ಬಗ್ಗಿಸಿ ನಿಂತಳು, ಎಂಟನೇ ಕ್ಲಾಸಿನಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದಾಗ ಇಡೀ ಕ್ಲಾಸಿನೆದುರು ನಿಂತಿದ್ದಳಲ್ಲ, ಹೋಳಿಯ ಬಣ್ಣ ಹಚ್ಚಿದ ಹಾಗೆ ಮುಖ ಕೆಂಪಾಗಿ, ಆ ದಿನ ಮನೆಗೆ ಹೋಗುವ ದಾರಿಯಲ್ಲಿ ಸತ್ತರೆ ಸಾಕು ಅನಿಸಿತ್ತು. 'ನಂದು ಸಿಗೋಗಂಟ ನಾನು ನೀರು ಮುಟ್ಟಕ್ಕಿಲ್ಲ. ಸಿಕ್ದಿದ್ರೆ ಸಿಕ್ದೆ ಓಗ್ಲಿ, ವಯಸ್ಸಾಗೈತೆ' ಎಂದು ಅತ್ತೆ ಗೋಡೆಗೆ ಒರಗಿದರು. ಅವರ ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಫ್ಯಾನು ತಿರುಗುತ್ತಿತ್ತು, ಆದರೂ ಬೆವರು.

ಎಂಟೂ ಮುಕ್ಕಾಲು. ಅವಳು ಅಡಿಗೆಮನೆಗೆ ಓಡಿ ಲೋಟದಲ್ಲಿ ಸಕ್ಕರೆ ನೀರು ಕದಡಿ ತಂದಳು. 'ಅತ್ತೆ, ಔಷಧಿ ಅಂದ್ಕೊಳ್ಳಿ, ಒಂದು ಗುಟುಕು.' ಅತ್ತೆ ಬಾಯಿ ಬಿಗಿದರು. ಅನಸೂಯ ಗದ್ದ ಹಿಡಿದಳು, ಬೆರಳಿಂದ ತುಟಿ ಬಿಡಿಸಲು ನೋಡಿದಳು, ಹಠದ ಮಗುವಿಗೆ ಕಷಾಯ ಕುಡಿಸುವ ಹಾಗೆ. ಮುದುಕಿಯ ತಲೆ ಅತ್ತಿಂದಿತ್ತ ಹೊರಳಿತು, ನೀರು ಗದ್ದದ ಮೇಲಿಂದ ಖಾಲಿ ಎದೆಗೆ ಇಳಿಯಿತು, ಒಳಗೆ ಹೋದ ಒಂದು ಹನಿಯನ್ನೂ ಅವರು ಥೂ ಎಂದು ಉಗಿದರು. 'ಕೈ ತೆಗಿಯೇ! ಸಾಯೋಳ ನೇಮ ಕೆಡಿಸ್ತೀಯಾ?' ಅಂಥ ದನಿಯನ್ನು ಅನಸೂಯ ಎಂದೂ ಕೇಳಿರಲಿಲ್ಲ. ಆಮೇಲೆ ಅತ್ತೆ ಮೆಲ್ಲಗೆ, 'ಹಸುಗೆ ಹಿಂಡಿ ಇಕ್ಕಿದ್ರಾ?' ಎಂದು ಕೇಳಿದರು. ಈ ಮನೆಯಲ್ಲಿ ಯಾವ ಹಸು? ಸಕ್ಕರೆ ಇಳಿದರೆ ಮಾತು ತಪ್ಪುತ್ತದೆ ಎಂದೂ ಡಾಕ್ಟರು ಹೇಳಿದ್ದರಲ್ಲವೇ?

'ಅತ್ತೆ, ಅದು ಗೋಡೇಲಿದೆ' ಅಂದುಬಿಟ್ಟಳು. ಒಂದು ಸಲ ಬಾಯಿ ಬಿಟ್ಟ ಮೇಲೆ ಎಲ್ಲವೂ ಬಂತು, ಬಕೆಟ್ಟು, ಉಂಡೆ, ಆನೆ, ದಾರ. ದಾರವನ್ನು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. 'ಬೆಳಿಗ್ಗೆಯಿಂದಲೂ ಗೊತ್ತಿತ್ತು. ಭಯ ಆಯ್ತು ಅತ್ತೆ, ಹೇಳಕ್ಕಾಗಲಿಲ್ಲ.' ಗಂಗಾಂಬಿಕೆ ಮಂಜುಗಟ್ಟಿದ ಕಣ್ಣನ್ನು ಹಾಲ್‌ನ ಕಡೆ ತಿರುಗಿಸಿದರು. ಬೈಗುಳ ಬರುತ್ತದೆಂದು ಅವಳು ಕಾದಳು, ಬರಲಿ ಎಂದೇ ಕಾದಳು. 'ತೆಗಿ' ಅಂದರು ಅತ್ತೆ, ನಾಲಿಗೆ ತೊದಲುತ್ತಿತ್ತು. 'ನಿಧಾನ ಕಣವ್ವಾ. ಭಿನ್ನ ಆಗ್ಬಾರ್ದು' ಅಂದರು. ಅವರಿಗೂ ಭಯವಾಗಿತ್ತು. ಅದನ್ನು ನೋಡಿ ಅನಸೂಯಳಿಗೆ ಅಳು ಬಂತು.

ಮೊಳೆ ಹೊಡೆಯಬಾರದ ಮನೆಯಲ್ಲಿ ಸುತ್ತಿಗೆ ಎಲ್ಲಿಂದ ಬರಬೇಕು? ಎಲೆಅಡಿಕೆಯ ಕುಟ್ಟಾಣಿಯ ಗುಂಡು, ಹೊಲಿಗೆ ಮಿಶನ್ನಿನ ಸ್ಕ್ರೂಡ್ರೈವರು. ಸ್ಟೂಲು ಹತ್ತಿ ನಿಂತಳು. ಮೊದಲು ಸೊಂಡಿಲು ಹೋಯಿತು, ಒಂದೇ ಏಟಿಗೆ, ಕೆಳಗೆ ಬಿದ್ದು ಎರಡಾಯಿತು. ಕಿವಿಯ ಬುಡದಿಂದ ಕೆತ್ತುತ್ತ ಹಣೆಯ ಕಡೆ ಬಂದಳು. ಎಂ-ಸೀಲು ಕಲ್ಲಾಗಿತ್ತು, ತಾನೇ ಚೆನ್ನಾಗಿ ಅಂಟಿಸಿದ್ದಳು, ಯಾವುದನ್ನೂ ಅರೆಬರೆ ಮಾಡುವವಳಲ್ಲವಲ್ಲ. ಮೆಲ್ಲಗೆ ಹೊಡೆದರೆ ಬಿಡುವುದಿಲ್ಲ, ಜೋರಾಗಿ ಹೊಡೆಯಲು ಕೈ ಬರುವುದಿಲ್ಲ. ಎಷ್ಟು ಒಳಗಿದೆ? ಅರ್ಧ ಇಂಚೋ ಒಂದು ಇಂಚೋ? ಪ್ರತಿ ಏಟಿಗೂ ಕಣ್ಣು ತಾನಾಗಿ ಮುಚ್ಚುತ್ತಿತ್ತು, ಕಣ್ಣು ಮುಚ್ಚಿಕೊಂಡು ಹೊಡೆಯಬೇಡವೇ ಮುಂಡೇದೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಬಾಗಿಲು ಬಡಿಯಿತು. ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ.

ಲಕ್ಷ್ಮೀನರಸಿಂಹ ಮೇಷ್ಟ್ರು ಪಂಚೆಯ ತುದಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ, 'ಏನಮ್ಮಾ ಅದು ಸದ್ದು? ಕರಾರು ಓದಿ ಹೇಳಬೇಕೇನು?' ಎಂದರು. 'ಮೊಳೆ ಅಲ್ಲ ಸಾರ್' ಎಂದಳು ಅವಳು, ಬಾಗಿಲನ್ನು ಅರ್ಧಕ್ಕೇ ಹಿಡಿದು. 'ಮೊಳೆ ಅಲ್ದಿದ್ರೆ ಮತ್ತೇನು, ಕೈಯಲ್ಲಿ ಸ್ಕ್ರೂಡ್ರೈವರಿದೆಯಲ್ಲ?' ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಅವಳು ಕೈಯನ್ನು ಬೆನ್ನ ಹಿಂದಕ್ಕೆ ಒಯ್ದಳು. ಅವರು ಕತ್ತು ಚಾಚಿ ಒಳಗೆ ನೋಡಿದರು, ಸೊಂಡಿಲಿಲ್ಲದ ಆನೆ, ನೆಲದ ಮೇಲೆ ಪುಡಿ, ಕಿತ್ತುಬಂದ ಸುಣ್ಣ. 'ರಾಮ ರಾಮ! ನನ್ನ ಗೋಡೆ! ಇದಕ್ಕಾ ನಾನು ಮಾಸ್ತರಿಕೆ ಮಾಡಿ ಒಂದೊಂದು ಇಟ್ಟಿಗೆ ಇಟ್ಟದ್ದು? ಸಾಯಂಕಾಲ ನಿಮ್ಮ ಯಜಮಾನರನ್ನ ಕಳಿಸಿ. ಬೇರೆ ಮನೆ ನೋಡಿಕೊಳ್ಳೋದು ಒಳ್ಳೇದು ನೀವು.' ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳು ವಾರಗಟ್ಟಲೆ ನಿದ್ದೆಗೆಡುತ್ತಿದ್ದಳು. ಒಳಗಿಂದ ದೊಪ್ಪೆಂದು ಸದ್ದಾಯಿತು. ಅತ್ತೆ ಮಂಚದ ಮೇಲೆ ಮಗ್ಗುಲಿಗೆ ಉರುಳಿದ್ದರು. 'ಕಳಿಸ್ತೀನಿ ಸಾರ್, ಖಾಲಿ ಮಾಡ್ತೀವಿ ಸಾರ್' ಎಂದು ಅವರ ಮುಖದ ಮೇಲೇ ಬಾಗಿಲು ಹಾಕಿದಳು.

ಮತ್ತೆ ಸ್ಟೂಲು ಹತ್ತಿದಾಗ ಅವಳ ಕೈಯಲ್ಲಿ ನಿಧಾನ ಉಳಿದಿರಲಿಲ್ಲ. ಹೊಡೆದಳು. ಹೊಡೆದಳು. ಮೂರನೆಯದೋ ನಾಲ್ಕನೆಯದೋ ಏಟಿನ ಸದ್ದು ಬೇರೆಯಾಗಿತ್ತು. ಅದು ಪ್ಲಾಸ್ಟರಿನ ಸದ್ದಲ್ಲ. ಕೈ ಅಲ್ಲೇ ನಿಂತಿತು. ಬೆರಳು ತೂರಿಸಿ ಎಳೆದಳು. ಒದ್ದೆ ಬಟ್ಟೆಯ ಗಂಟು ಹಣೆಯ ಗುಳಿಯಿಂದ ಕಿತ್ತು ಬಂತು. ಬಿಚ್ಚಿದಳು. ಕರೀ ಲೇಪದ ಮೇಲೆ, ನೆತ್ತಿಯಿಂದ ಕೆಳಗಿನವರೆಗೆ, ಒಂದು ಸೀಳು. ಕೂದಲೆಳೆಯಷ್ಟಲ್ಲ, ಉಗುರು ಇಳಿಯುವಷ್ಟು. ಒಂದು ಚಕ್ಕೆ ಬಟ್ಟೆಯಲ್ಲೇ ಉಳಿದಿತ್ತು. ಅವಳು ಆ ಚಕ್ಕೆಯನ್ನು ಜಾಗಕ್ಕೆ ಕೂರಿಸಲು ನೋಡಿದಳು, ಅಂಟಿಸುವುದೇ ಜನ್ಮದ ಕಸುಬಾದವಳು, ಅದು ಕೂರಲಿಲ್ಲ. ಒಂಬತ್ತು ದಿನ ಎಂದು ತಲೆಯೊಳಗೆ ಯಾರೋ ಹೇಳುತ್ತಿದ್ದರು. ಒಂಬತ್ತು ದಿನವೂ ಇಲ್ಲ, ಅತ್ತೆಯ ಹತ್ತಿರ ಒಂಬತ್ತು ನಿಮಿಷವಿದ್ದರೆ ಹೆಚ್ಚು.

'ಸಿಕ್ತಾ?' ಮಂಚದ ಮೇಲಿಂದ ದನಿ ಎಲ್ಲೋ ದೂರದಿಂದ ಬಂದ ಹಾಗಿತ್ತು.

'ಸಿಕ್ತು ಅತ್ತೆ.'

'ನೆಟ್ಟಗೈತಾ?'

ಅವಳು ಬಾಗಿಲಲ್ಲಿ ನಿಂತಿದ್ದಳು. ಬಿಚ್ಚಿ ತೋರಿಸಿದರೆ ಮುದುಕಿ ಹಲ್ಲು ಕಚ್ಚಿಕೊಂಡು ಸಾಯುತ್ತಾಳೆ. ಸುಳ್ಳು ಹೇಳಿದರೆ ಆ ಹೆಬ್ಬೆರಳಿಗೆ ಹೇಳಿದಂತಾಗುತ್ತದೆ, ಅದು ಎಲ್ಲಿಯಾದರೂ ನಂಬುತ್ತದೆಯೇ? ಎಲ್ಲ ಗೊತ್ತಿದ್ದೂ ಬಾಯಿ, 'ನೆಟ್ಟಗಿದೆ ಅತ್ತೆ' ಅಂದಿತು.

ಅತ್ತೆಯನ್ನು ಎತ್ತಿ ದಿಂಬಿಗೆ ಒರಗಿಸಿದಳು. ಮೈ ಹಸಿ ಬಟ್ಟೆಯ ಹಾಗೆ ತಣ್ಣಗಿತ್ತು. ಅಲುಗುತ್ತಿದ್ದ ಎಡಗೈಯನ್ನು ಅವರು ಚಾಚಿದರು, ಅವಳು ಲಿಂಗವನ್ನು ಅದರಲ್ಲಿಟ್ಟಳು. ಬೆರಳುಗಳು ಮುಚ್ಚಿಕೊಂಡವು, ಕಳೆದ ಮಗುವನ್ನು ಹಿಡಿದುಕೊಂಡಂತೆ. ಬಲಗೈ ಹೆಬ್ಬೆರಳು ನೆತ್ತಿಯ ಮೇಲೆ ಬಂತು, ಇಳಿಯಿತು, ಸೀಳಿನ ಬಾಯಲ್ಲಿ ನಿಂತಿತು. ಬೆರಳು ಸೀಳಿನ ಉದ್ದಕ್ಕೂ ಮೆಲ್ಲಗೆ ಹೋಯಿತು, ಚಕ್ಕೆಯೆದ್ದ ಜಾಗದಲ್ಲಿ ತಡವರಿಸಿತು, ಹಾಗೇ ಹಿಂದಕ್ಕೆ ಬಂತು. ಅತ್ತೆಯ ತುಟಿ ಒಂದು ಸಲ ಅದುರಿತು. ಮಂಜು ಕಣ್ಣು ಸೊಸೆಯ ಮುಖವಿರಬಹುದಾದ ಕಡೆ ತಿರುಗಿ ಅಲ್ಲೇ ಇತ್ತು. ಹೊರಗೆ ಸ್ಕೂಟರೊಂದು ಸ್ಟಾರ್ಟ್ ಆಗಲೊಲ್ಲದೆ ಒದರುತ್ತಿತ್ತು.

'ಊಂ' ಅಂದರು ಅತ್ತೆ. 'ನೆಟ್ಟಗೈತೆ.'

ವಿಭೂತಿ ಕೇಳಿದರು, ಮೂರು ಬೆರಳಿನಲ್ಲಿ ಎಳೆದರು, ಗೆರೆ ಸೊಟ್ಟಗಾಯಿತು. ಹೂವು ಕೇಳಿದರು, ಒಂದೇ ಒಂದು ಕಣಗಿಲೆ ಇತ್ತು. ಮಂತ್ರ ಅರ್ಧಕ್ಕೇ ನಿಂತು ನಿಂತು ಸಾಗಿತು, ಕಣ್ಣಿಂದ ನೀರು ಇಳಿದು ಅಂಗೈ ಸೇರಿತು, ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಪೂಜೆಯಾದ ಮೇಲೆ ಲಿಂಗವನ್ನು ಸೆರಗಿನ ಒಳಗೆ ಎದೆಗೆ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಲೋಟಕ್ಕಾಗಿ ಚಾಚಿದರು. ಅನಸೂಯಳಿಗೆ ಅವರ ಕಾಲ ಮೇಲೆ ಬೀಳಬೇಕೆನಿಸಿತು, ಬೀಳಲು ಹೆದರಿಕೆಯಾಯಿತು, ಬಿದ್ದರೆ ಇಬ್ಬರೂ ಹೇಳಿದ ಸುಳ್ಳು ಬಯಲಾಗಿಬಿಡುತ್ತದೆ. ಗಂಗಾಂಬಿಕೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು, ನುಂಗಿದರು, ಇನ್ನೊಂದು ಗುಟುಕು ಕುಡಿದರು.

'ಸಕ್ರೆ ಸಾಲ್ದು ಕಣವ್ವಾ' ಅಂದರು. 'ಇನ್ನೊಂದ್ ಚಮಚ ಹಾಕು.'